ನೀಲಿ ಗೆರೆ

ಟಿಕೆಟಿನ ಅಂಕಿ ಕೇಳಬೇಡಿ,
ಹೇಳಿದರೆ ಹಾರಿಹೋಗುತ್ತದೆ ಎಂಬುದು
ಕುರ್ಲಾ ಸ್ಟೇಷನ್ನಿನ ಹೊರಗೆ ಹಗ್ಗಕ್ಕೆ ಕ್ಲಿಪ್ಪು ಸಿಕ್ಕಿಸಿ
ಲಾಟರಿ ಮಾರುವ ದಗಡೂ ಲೋಖಂಡೆಯ ಶಾಸ್ತ್ರ.
ಅವನಿಗೆ ಇದುವರೆಗೆ ಬಂದದ್ದು ನೂರು ರೂಪಾಯಿ,
ಅದೂ ಎರಡೇ ಸಲ.

ಬಂದರೆ ಏನು ಕೊಳ್ಳುತ್ತೀ?
ಠಾಣೆಯಲ್ಲಿ ಫ್ಲ್ಯಾಟು, ತಂಗಿಗೆ ಬಳೆ:
ಇದು ಬಾಯಿಪಾಠದ ಉತ್ತರ.
ನಿಜದ ಪಟ್ಟಿ ರೈಲ್ವೆ ಪಾಸಿನ ಹಿಂದೆ
ನಾಲ್ಕು ಮಡಿಕೆಯಾಗಿ ಬೆವರುತ್ತಿದೆ.

ಮೊದಲಿಗೆ ವಿಮಾನದ ಯಂತ್ರ.
ಹೊಸದು ಬೇಡ, ಹೊಸದರಲ್ಲಿ
ಎರಡನೇ ಸುತ್ತಿಗೇ ಸಾಯುತ್ತೇನೆ.
ಕೋಲು ಎಡಕ್ಕೆ ತುಸು ಸಡಿಲ ಇರಬೇಕು,
ಗುಂಡಿಗಳ ಪಕ್ಕ ಸುಟ್ಟ ಕಂದು ಕಲೆ ಇರಬೇಕು
(ಅದು ದೂಮಣ್ಣ ಮೆಂಡನನ ಬೀಡಿ, ನನ್ನದಲ್ಲ).

ಆಮೇಲೆ ಪಿನ್‌ಬಾಲ್.
ಉಕ್ಕಿನ ಗುಂಡು ಜಾರುವಾಗ ಸೊಂಟದಿಂದೊಂದು ತಳ್ಳು,
ಜಾಸ್ತಿಯಾದರೆ ಮುನಿದು ದೀಪ ಆರಿಸಿಕೊಳ್ಳುತ್ತದೆ.
ಗೊಂಬೆ ಎತ್ತುವ ಉಕ್ಕಿನ ಕೈ ಮಾತ್ರ ಬೇಡ.
ಹಿಡಿದಂತೆ ಮಾಡಿ ಬಿಡುವವರನ್ನು
ದುಡ್ಡು ಕೊಡದೆಯೇ ಸಾಕಷ್ಟು ನೋಡಿದ್ದೇನೆ.

ಬೋರಾ ಬಜಾರಿನ ಕ್ಯಾಂಟೀನಿನಲ್ಲಿ ಆಗ
ತಟ್ಟೆ ಒಡೆದರೆ ಎಂಟಾಣೆ ಕಡಿತ.
ಎದುರಿನ ಪಾರ್ಲರಿನಲ್ಲಿ
ಎಂಟಾಣೆಗೆ ಒಂದು ಬಿಲ್ಲೆ,
ಒಂದು ಬಿಲ್ಲೆಗೆ ಮೂರು ಜೀವ.
ರಾತ್ರಿಶಾಲೆಯ ಭೂಗೋಳಕ್ಕೆ ಚಕ್ಕರ್ ಹೊಡೆದು
ಸೋಪಿನ ನೀರಲ್ಲಿ ಬಿಳಿಚಿದ ಬೆರಳಿಂದ
ನಾನು ಹಾರಿಸಿದ ವಿಮಾನಗಳು
ಯಾವ ನಕ್ಷೆಯಲ್ಲೂ ಇಳಿಯಲಿಲ್ಲ.

ಪಟ್ಟಿ ಓದಿದೆ. ವಾರಿಜಾ
ಬಾಯಲ್ಲಿ ದಾರ ಕಚ್ಚಿಕೊಂಡೇ ಕೇಳಿದಳು:
ಅಗಲ ಎಷ್ಟು?
ಯಾರದೋ ರವಿಕೆ ಕೆಳಗಿಟ್ಟು, ಟೇಪು ಹಿಡಿದು,
ಕಳ್ವಾದ ನಮ್ಮ ಹತ್ತಡಿ ಗೋಡೆಗೆ
ಎದೆಯಳತೆ ತೆಗೆದಳು.
ಬಾಗಿಲೇ ಎರಡೂವರೆ ಅಡಿ ಮಾರಾಯ್ರೆ,
ಮಗ್ಗುಲಾಗಿಸಿ ತರಬೇಕು,
ಗ್ಯಾಸು ಆ ಮೂಲೆಗೆ ಹೋಗಬೇಕು.
ಲಾಟರಿ ಬಂದ ಮೇಲೂ ಈ ಖೋಲಿ ಯಾಕೆ
ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ನಿನಗೆ ಯಾವುದು?
ಇಷ್ಟು ಕೇಳಲು ನನಗೆ
ಇಪ್ಪತ್ತೊಂಬತ್ತು ವರ್ಷ ಹಿಡಿಯಿತು.

ನಾನು ಅವಳಲ್ಲಿ ಮೊದಲು ಕಂಡದ್ದು ನಾಲ್ಕು ಬೆರಳು.
ಪಾರ್ಲರಿನ ಜಾಲರಿ ಕಿಟಕಿಯ ತೂತಿನಿಂದ
ಬಿಲ್ಲೆ ದೂಡುತ್ತಿದ್ದ ಬೆರಳು.
ಮುಖ ಕಂಡದ್ದು ಕರೆಂಟು ಹೋದ ಸಂಜೆ
ಮೇಣದಬತ್ತಿ ಹಿಡಿದು ಅವಳು ಹೊರಬಂದಾಗ.
ಎಲ್ಲರಿಗಿಂತ ಮೇಲೆ ಮಿನುಗುತ್ತಿದ್ದ
ನನ್ನ ಹೆಸರಿನ ಮೂರಕ್ಷರವನ್ನು
ಯಂತ್ರ ಮರೆತದ್ದೂ ಅದೇ ಸಂಜೆ.

ಕಾರು, ಅಂದಳು. ಸೀಟು ಇರುವಂಥದ್ದು.
ಒಂದು ದಿನವೂ ಕೂತವಳಲ್ಲ,
ಗಲ್ಲಾ ಬಿಟ್ಟು ಏಳಬಾರದೆಂದು ದಿನ್ಷಾ ಶೇಟನ ಕಟ್ಟಪ್ಪಣೆ.
ಕಿಟಕಿಯಿಂದ ದಿನವೂ ನೋಡುತ್ತಿದ್ದೆ,
ಸುರಂಗದ ನಂತರದ ತಿರುವಿನಲ್ಲಿ
ಎಲ್ಲ ಹುಡುಗರೂ ಬಂಡೆಗೆ ಗುದ್ದುತ್ತಿದ್ದಿರಿ. ನೀವೂ.
ಅಲ್ಲಿ ಬ್ರೇಕಲ್ಲ,
ಸುರಂಗದೊಳಗೇ ಎಡಕ್ಕೆ ವಾಲಿಕೊಳ್ಳಬೇಕು.
ಹೇಳಬಹುದಿತ್ತಲ್ಲ?
ಚಿಲ್ಲರೆ ಎಣಿಸುವವಳನ್ನು ಕೇಳಿದವರು ಯಾರು.

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ
ಗೋಡೆಯ ಮೇಲೆ ಚೌಕ ಎಳೆದಳು,
ನೆಲದಲ್ಲಿ ಸೀಟಿನ ಜಾಗವನ್ನೂ.
ಪಟ್ಟಿಯಲ್ಲಿ ವಿಮಾನ ಹೊಡೆದುಹಾಕಿ
ಕಾರನ್ನು ಮೇಲೆ ಬರೆದೆ.

ಶುಕ್ರವಾರ ಅಂಕಿ ಬಂತು.
ನಮ್ಮದಲ್ಲ. ಹತ್ತಿರದ್ದೂ ಅಲ್ಲ.
ದಗಡೂ ಹೊಸ ಟಿಕೆಟು ಹರಿದುಕೊಟ್ಟ.

ನೀಲಿ ಗೆರೆ ಒರೆಸಿಲ್ಲ.
ಅದರೊಳಗೆ ಪೊರಕೆಯನ್ನೂ ಒರಗಿಸುವುದಿಲ್ಲ,
ಯಾಕೆಂದು ಪಕ್ಕದ ಖೋಲಿಯವರಿಗೆ ಹೇಳಿಲ್ಲ.
ನಡುರಾತ್ರಿಯ ಕೊನೇ ಸ್ಲೋ ಲೋಕಲ್
ಪಾತ್ರೆಗಳನ್ನು ನಡುಗಿಸಿ ಹೋಗುವಾಗ
ನಾನು ಎಚ್ಚರವಿರುತ್ತೇನೆ.
ನಿದ್ದೆಯಲ್ಲೇ ಅವಳು
ತಿರುವು ಬರುವ ಮೊದಲೇ
ಎಡಕ್ಕೆ ವಾಲುತ್ತಾಳೆ.