ಪ್ಯಾಂಟಿನ ಕಾಲೊಳಗೆ ಬದನೆ

ಮೊದಲು ಅಂದದ್ದು ಸುಂಕಮ್ಮ:
ಬಣ್ಣ ಕೆಟ್ಟು ತಿರುಗಿ ಬಂದ ಪ್ಯಾಂಟುಗಳ
ಕಾಲಿನ ತುದಿ ಹೊಲಿದು ಮಣ್ಣು ತುಂಬಿದರೆ
ಏನಾಗುತ್ತೆ, ಹೇಳ್ರಿ?
ನಕ್ಕೆವು. ಊಟದ ಬಿಡುವು, ಡಬ್ಬಿ ತೊಳೆಯುತ್ತಿದ್ದೆವು.
ನಗು ಮುಗಿಯುವ ಮೊದಲೇ ಮಾಬುನ್ನಿ
ಮಿಷನ್ನಿಗೆ ಕೂತು ಎರಡೂ ಕಾಲು ಮುಚ್ಚಿದ್ದಳು.
ಡಬಲ್ ಹೊಲಿಗೆ.

ಕೌಲ್ ಬಜಾರಿನ ನಮ್ಮ ಯೂನಿಟ್ಟಿನ ಮಾಳಿಗೆ ಮೇಲೆ
ಹರಿದ ಫ್ಲೆಕ್ಸು, ಖಾಲಿ ದಾರದ ಕೋನು,
ಪಾರಿವಾಳದ ಹಿಕ್ಕೆ,
ಮತ್ತೆ ಬಿಸಿಲು.
ಬಳ್ಳಾರಿ ಬಿಸಿಲೆಂದರೆ ಹೊರಗಿನವರು ಹೆದರುತ್ತಾರೆ,
ನಾವು ಅದಕ್ಕೂ ಒಂದು ಕೆಲಸ ಕೊಟ್ಟೆವು.

ಮಣ್ಣು ತಂದವನು ಇಸ್ತ್ರಿಯ ಎರ್ರಿಸ್ವಾಮಿ,
ಮೋಕಾದ ಅಕ್ಕನ ಹೊಲದ ಎರೆಮಣ್ಣು,
ಟಂಟಂನಲ್ಲಿ ಎರಡು ಸಲ, ಹನ್ನೆರಡು ಚೀಲ.
"ಬಾಡಿಗೆ ಬೇಡ, ಮೊದಲ ಬದನೆಕಾಯಿ ನನಗೆ."
ಗೊಬ್ಬರಕ್ಕೆ ಗಾದಿಲಿಂಗನ ಮನೆಯ ಎಮ್ಮೆ.
ಎಮ್ಮೆಯನ್ನು ಯಾರೂ ಕೇಳಲಿಲ್ಲ.

ಮೊದಲ ಮೆಂತ್ಯ ಸತ್ತದ್ದು ನನ್ನಿಂದ.
ನಲ್ಲಿ ನೀರು ಹತ್ತು ದಿನಕ್ಕೊಮ್ಮೆ ಬರುವ ಕಾಲ,
ಬಟ್ಟೆ ತೊಳೆವ ತೊಟ್ಟಿಯಿಂದ ಕದ್ದು ತಂದು ಹನಿಸಿದೆ.
ನೀಲಿ ನೀರು. ಚೆಂದ ಕಾಣುತ್ತಿತ್ತು.
ಮೂರನೇ ದಿನ ಎಲೆಗಳೆಲ್ಲ
ಹಳೇ ಪ್ಯಾಂಟಿನ ಬಣ್ಣಕ್ಕೆ ತಿರುಗಿ ಮಲಗಿದವು.
ಯಾರೂ ಬೈಯಲಿಲ್ಲ. ಮಾಬುನ್ನಿ ಮಾತ್ರ
"ಸ್ಟೋನ್‌ವಾಷ್ ಮೆಂತ್ಯ" ಎಂದಳು.
ಮೆಂತ್ಯ ಹೋಯಿತು, ಹೆಸರು ನನಗೆ ಉಳಿಯಿತು.
ಈಗಲೂ ಇಲ್ಲಿ ನಾನು ಸ್ಟೋನ್‌ವಾಷ್.

ಅಲ್ಲಿಂದ ಒಬ್ಬೊಬ್ಬರು ಮನೆಯಿಂದ ಒಂದೊಂದು ಬಾಟಲಿ.
ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು,
ಸುಂಕಮ್ಮನದು ಮೊಮ್ಮಗನ ಸ್ನಾನದ್ದು:
ಸೋಪು ಹಚ್ಚುವ ಮೊದಲಿನದೇ, ಆಣೆ ಇಟ್ಟು ಹೇಳುತ್ತಾಳೆ.

ಪುಂಡಿಪಲ್ಯ ಮೊದಲು ಎದ್ದಿತು,
ಕರೆಯದೇ ಬಂದು ಊಟಕ್ಕೆ ಕೂರುವ ನೆಂಟನ ಹಾಗೆ.
ಹಿಂದಿನ ಜೇಬುಗಳಲ್ಲಿ ಕೊತ್ತಂಬರಿ.
ಸೊಂಟದಿಂದ ಬದನೆ. ಬೆಲ್ಟಿನ ಪಟ್ಟಿಗೆ ಹೀರೆಬಳ್ಳಿಯನ್ನು
ಜೀನ್ಸಿನ ಕಿತ್ತಳೆ ದಾರದಲ್ಲೇ ಕಟ್ಟಿದ್ದೆವು.
ದೂರದಿಂದ ನೋಡಿದರೆ
ತಲೆಯಿಲ್ಲದ ಹನ್ನೊಂದು ಮಂದಿ ಗೋಡೆಗೊರಗಿ
ಕಾಲು ಚಾಚಿ ಕೂತು
ಹೊಟ್ಟೆಯಿಂದ ಹೂ ಬಿಡುತ್ತಿದ್ದಾರೆ.
ಪಕ್ಕದ ಮನೆಯ ಮುದುಕಿ ಮೂರು ದಿನ ಕಿಟಕಿ ತೆಗೆಯಲಿಲ್ಲ.
ನಾಲ್ಕನೇ ದಿನ ಕಾಗದದಲ್ಲಿ ಕಟ್ಟಿ
ಸೋರೆ ಬೀಜ ಎಸೆದಳು.

ಪೀಸಿಗಿಷ್ಟೆಂದು ಎಣಿಸುವ ಬೆರಳು ನಮ್ಮವು.
ದಿನಕ್ಕೆ ಇನ್ನೂರು ಜಿಪ್ಪು, ನೂರಾ ಎಂಬತ್ತು ಜೇಬು.
ಮಾಳಿಗೆ ಹತ್ತಿದರೆ ಮಾತ್ರ ಲೆಕ್ಕ ತಪ್ಪುತ್ತದೆ.
ನಿನ್ನೆ ಏಳು ಮೊಗ್ಗು, ಇವತ್ತು ಏಳೋ ಎಂಟೋ,
ಗಾದಿಲಿಂಗ ಏಳೆನ್ನುತ್ತಾನೆ, ನಾನು ಎಂಟು,
ಬಗ್ಗಿ ಬಗ್ಗಿ ಜಗಳ.
ಸುಂಕಮ್ಮ ಬಂದು ಒಂದು ಎಲೆ ಎತ್ತುತ್ತಾಳೆ:
ಒಂಬತ್ತು.

ಮೊದಲ ಬದನೆಕಾಯಿ ಕರಾರಿನಂತೆ ಎರ್ರಿಸ್ವಾಮಿಗೆ.
ಅಂಗೈಯಷ್ಟೂ ಇಲ್ಲ.
ಅಂಗಿ ಜೇಬಲ್ಲಿಟ್ಟು ಮಧ್ಯಾಹ್ನದವರೆಗೆ ತಿರುಗಿದ,
ಕಂಡಕಂಡವರಿಗೆ ತೋರಿಸಿದ.
ಆಮೇಲೆ ಕರೆಂಟು ಹೋಯಿತು.
ಹಳೇ ಕೆಂಡದ ಇಸ್ತ್ರಿಪೆಟ್ಟಿಗೆ ತೆಗೆದ,
ಊದಿದ, ಮುಚ್ಚಳ ಎತ್ತಿ
ಬದನೆಕಾಯನ್ನು ಒಳಗೆ ಮಲಗಿಸಿ
ಮೇಲೆ ಮುಚ್ಚಿ
ಪ್ಯಾಂಟುಗಳ ಮೇಲೆ ಆರಾಮಾಗಿ ಎಳೆಯತೊಡಗಿದ.

ನಾವು ಮಿಷನ್ನು ಬಿಟ್ಟು ಸುತ್ತ ನಿಂತೆವು.
ಸಿಪ್ಪೆ ಸಿಡಿದ ಸದ್ದಿಗೆ ಮಾಬುನ್ನಿ ಉಪ್ಪು ತಂದಳು.
ನಾನು ಮೇಲಿಂದ ಎರಡು ಹಸಿಮೆಣಸಿನಕಾಯಿ.
ಡಬ್ಬಿಯಲ್ಲಿ ಉಳಿದ ಜೋಳದ ರೊಟ್ಟಿ, ಅರ್ಧ.
ಐದು ಮಂದಿಗೆ ಒಂದು ಬದನೆ,
ಒಬ್ಬೊಬ್ಬರಿಗೆ ಬೆರಳ ತುದಿಯಷ್ಟು.
ಖಾರ ಹೆಚ್ಚಾಗಿ ಗಾದಿಲಿಂಗನ ಕಣ್ಣಲ್ಲಿ ನೀರು,
ಖಾರಕ್ಕೇ ಅಂದ, ನಾವೂ ಹೂಂ ಅಂದೆವು.

ಆ ದಿನದ ನಲವತ್ತು ಪ್ಯಾಂಟುಗಳಲ್ಲಿ
ಸುಟ್ಟ ಬದನೆಯ ವಾಸನೆ ಕೂತಿತ್ತು.
ಮಡಚಿ, ಚೀಟಿ ಅಂಟಿಸಿ, ಲಾರಿಗೆ ಹಾಕಿದೆವು.
ಎಲ್ಲೋ ಒಂದು ಊರಿನ ಅಂಗಡಿಯಲ್ಲಿ
ಯಾರೋ ಹೊಸ ಪ್ಯಾಂಟು ಮೂಗಿಗೆ ಹಿಡಿದು
ಇಷ್ಟು ಹೊತ್ತಲ್ಲದ ಹೊತ್ತಿನಲ್ಲಿ
ಹಸಿವ್ಯಾಕಾಯಿತೆಂದು
ನಿಂತಿರಬೇಕು.