ಗಾಳಿ ಸ್ವಲ್ಪ ಇಳಿಸು

"ಗಾಳಿ ಸ್ವಲ್ಪ ಇಳಿಸು ಮಾರಾಯ್ತಿ," ಅಂದಿದ್ದರು
ತೊಕ್ಕೊಟ್ಟಿನ ಸೈಕಲ್ ಅಂಗಡಿಯ ಮೋನುಚ್ಚ,
"ಉಬ್ಬಿದ ಚಕ್ರ ಕಂಡ ಕಂಡ ಕಲ್ಲಿನೊಟ್ಟಿಗೆ ಜಗಳಕ್ಕೆ ನಿಲ್ಲುತ್ತದೆ."
ಹೆಬ್ಬೆರಳಲ್ಲಿ ಟಯರು ಒತ್ತಿ ನೋಡಿದ್ದರು,
ನಾನು ದಾನಿಗಳ ಮೊಣಕೈ ಮಡಿಕೆಯಲ್ಲಿ
ನರ ಹುಡುಕುವ ಹಾಗೆ.

ಮುಡಿಪು ದಾಟಿ, ಡಾಮರು ಮುಗಿಯುವಲ್ಲಿ ಇಳಿದು
ವಾಲ್ವಿನ ಮೂತಿ ಒತ್ತಿದೆ. ಉಸ್ಸೆಂದಿತು.
ಆರು ರಾತ್ರಿಯ ಡ್ಯೂಟಿ ನನ್ನೊಳಗಿಂದಲೂ
ಅಷ್ಟೇ ಸಣ್ಣ ಸದ್ದಿಗೆ...
ಇಲ್ಲ, ಅಷ್ಟು ಸುಲಭಕ್ಕೆ ಹೋಗಲಿಲ್ಲ.
ಮೊದಲ ಏರಿನಲ್ಲಿ ಹೋಯಿತು.

ಮುರಕಲ್ಲಿನ ಪುಡಿ, ಗೇರಿನ ತರಗೆಲೆ,
ಎಲೆಯ ಅಡಿಯಲ್ಲಿ ಉರುಳಲು ಕಾದ ಜಲ್ಲಿ.
ಎದ್ದು ತುಳಿದರೆ ಚಕ್ರ ಜಾರುತ್ತದೆ,
ಕೂತು ತುಳಿದರೆ ತೊಡೆ ಉರಿಯುತ್ತದೆ.
ಕೂತೇ ತುಳಿದೆ.
ನಲವತ್ತೇಳನೆಯ ವಯಸ್ಸಿನಲ್ಲಿ ಕಲಿತ ವಿದ್ಯೆ:
ಸೀಟಿನ ತುದಿಗೆ ಸರಿ, ಎದೆ ಬಗ್ಗಿಸು,
ಕಣ್ಣನ್ನು ಮೂರೇ ಮಾರು ಮುಂದೆ ಇಡು.
ಏರಿನ ತಲೆ ಎಲ್ಲಿ ಅಂತ ನೋಡಬೇಡ.

ಹೋದ ತಿಂಗಳು ಇಲ್ಲೊಂದು ದಾರಿಯಿತ್ತು.
ಕುಂಟಲ ಮರದ ಬುಡದಲ್ಲಿ ಎಡಕ್ಕೆ ಹೊರಳಿ
ಬೋಳಿಯಾರಿನ ಬದಿಗೆ ಇಳಿಯುತ್ತಿತ್ತು.
ಈಗ ಮರ ಉಂಟು, ಎಡ ಉಂಟು, ದಾರಿ ಇಲ್ಲ.
ಕೋರೆ ತಿಂದಿದೆ.
ಹಲ್ವ ಕೊಯ್ದ ಹಾಗೆ ನೇರ ಗೋಡೆ, ಮೂವತ್ತು ಅಡಿ.
ತಳದ ಮೂಲೆಯಲ್ಲಿ ಹಸಿರು ನೀರು.
ಭಾನುವಾರವಲ್ಲವೇ, ಕೊಯ್ಯುವ ಯಂತ್ರ
ಟಾರ್ಪಾಲು ಹೊದ್ದು ಮಲಗಿತ್ತು.

ಕಾವಲಿಗಿದ್ದವನು ಹುನಗುಂದದ ಕಡೆಯ ಯಮನೂರಪ್ಪ,
ವಾರವೆಲ್ಲ ಕಲ್ಲು ಕೊಯ್ಯುವವನೂ ಅವನೇ.
"ಎಷ್ಟು ಕೊಟ್ರಿ ಅಕ್ಕಾರ ಇದಕ್ಕ?"
ಅರ್ಧ ಹೇಳಿದೆ. ಅಲ್ಲ, ಅರ್ಧದ ಅರ್ಧ.
ಅಷ್ಟಕ್ಕೇ ಬಾಯಿಯ ಮೇಲೆ ಕೈ ಇಟ್ಟ:
"ಕ್ಯಾರಿಯರ್ ಸುದ್ದಾ ಇಲ್ಲಲ್ರಿ ಇದಕ್ಕ!"

ಕೊಟ್ಟೆ. ಹವಾಯಿ ಚಪ್ಪಲಿಯಲ್ಲೇ ಹತ್ತಿ
ಲಾರಿ ಇಳಿಯುವ ದಾರಿಯಲ್ಲಿ ತಳಕ್ಕಿಳಿದು
ಒಂದು ಸುತ್ತು, ಎರಡು ಸುತ್ತು,
ಮೂರನೆಯದರಲ್ಲಿ ಹ್ಯಾಂಡಲ್ ಬಿಟ್ಟ.
ತಾನೇ ಕೊಯ್ದ ಗುಡ್ಡದ ಹೊಟ್ಟೆಯೊಳಗೆ
ಎರಡೂ ಕೈ ಚಾಚಿ ನಕ್ಕದ್ದು
ನಾಲ್ಕೂ ಗೋಡೆ ತಾಗಿ ಮೇಲೆ ಬಂತು ನನ್ನವರೆಗೆ.

ದಾರಿ ಕೇಳಿದರೆ ಕೈ ತೋರಿಸಿ ಬಿಡಲಿಲ್ಲ.
ಸೈಕಲ್ಲನ್ನು ತಾನೇ ಹೆಗಲಿಗೆ ಹಾಕಿ
ಮುಳ್ಳು ಸರಿಸುತ್ತ ಕೋರೆಯಂಚಿನುದ್ದ ನಡೆದ.
"ಬರೂ ತಿಂಗಳ ಇದೂ ಇರಂಗಿಲ್ರಿ," ಅಂದ,
ಮಳೆ ಬಂದೀತು ಅನ್ನುವ ದನಿಯಲ್ಲಿ.

ಪದವಿನ ನೆತ್ತಿಯಲ್ಲಿ ಮರವಿಲ್ಲ. ಒಣ ಹುಲ್ಲು, ಕರಿ ಕಲ್ಲು,
ದೂರದಲ್ಲಿ ತೆಂಗಿನ ತಲೆಗಳಾಚೆ ಸಮುದ್ರ:
ನಮ್ಮ ರಕ್ತನಿಧಿಯ ಗಾಜಿನ ಲೋಟದಲ್ಲಿರುವ
ಮೈಲುತುತ್ತದ ನೀಲಿ.
ಬೆರಳು ಚುಚ್ಚಿ ಅದಕ್ಕೊಂದು ಹನಿ ಬಿಡುತ್ತೇವೆ.
ತೇಲಿದರೆ ಕಬ್ಬಿಣ ಸಾಲದು, ಮನೆಗೆ ಹೋಗಿ ಬಸಳೆ ತಿನ್ನಿ.
ಮುಳುಗಿದರೆ ಪಾಸು.

ಬ್ರೇಕಿನ ಮೇಲೆ ಎರಡೆರಡು ಬೆರಳು,
ಮೊಣಕೈ ಸಡಿಲ, ಸೊಂಟ ಹಿಂದಕ್ಕೆ.
ಬಿಟ್ಟೆ.

ಕಲ್ಲುಗಳು ಚಕ್ರದಡಿ ಮಾತಾಡಿದವು. ಜಗಳವಲ್ಲ,
ಮೀನು ಮಾರ್ಕೆಟ್ಟಿನ ಮಾತು, ಒಂದರ ಮೇಲೊಂದು.
ತಿರುವಿನಲ್ಲಿ ಮುಂದಿನ ಚಕ್ರ ತಪ್ಪಿತು,
ಎದೆ ಬಾಯಿಗೆ ಬಂತು.
ತಿದ್ದಲು ಹೋಗಲಿಲ್ಲ, ತಾನೇ ನೆಲ ಹುಡುಕಿಕೊಂಡಿತು.
ಹಲ್ಲಿನಲ್ಲಿ ಮಣ್ಣು. ಕಬ್ಬಿಣದ ರುಚಿ,
ಬಲ್ಲೆ, ಅದು ನನ್ನ ಕಸುಬು.

ಕೆಳಗೆ, ನೇತ್ರಾವತಿಯ ಬದಿಯ ಗೂಡಂಗಡಿಯಲ್ಲಿ
ಹುಬ್ಬಿನಿಂದ ಸಾಕ್ಸಿನವರೆಗೆ ಕೆಂಪಾದ ನನ್ನನ್ನು ಕಂಡು
ಹುಡುಗಿ ಬೆಂಚಿನಿಂದ ಎದ್ದೇ ಬಿಟ್ಟಳು:
"ಬಿದ್ದಿರಾ ಆಂಟಿ?"

"ಇಲ್ಲ," ಅಂದೆ. "ಇಳಿದದ್ದು.
ಒಂದು ಸೋಡಾ ಕೊಡು. ಉಪ್ಪು ಜಾಸ್ತಿ."