ಸಾವರ್ಡೆಯ ಕಾಟಾ

ತುಂಬಿ ಬಂದದ್ದರಲ್ಲಿ ಖಾಲಿಯದನ್ನು ಕಳೆ,
ಉಳಿದದ್ದು ಅದಿರು.
ಎಂಬತ್ತಾರರ ದಸರೆ ಮುಗಿದ ಮರುದಿನ
ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಪುಂಡಲೀಕ ಗಾಂವಕರ್
ನನಗೆ ಕಲಿಸಿದ ಲೆಕ್ಕ ಇಷ್ಟೇ.
"ಮುಂಡರಗಿ ಕಡೆಯವನಲ್ಲವೇ? ಜೋಳ ಅಳೆದಿರುತ್ತೀ. ಇದೂ ಅದೇ."

ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ ನಾವು,
ಲಾಭ ಅನ್ನುತ್ತೇವೆ; ಆಮೇಲೆ ಎರಡು, ಮೂರು.
ಆ ಬೆಳಿಗ್ಗೆ ಕಾಟಾ ಹತ್ತಿದ ಮೊದಲ ಲಾರಿಗೂ
ಬಾಯೊಳಗೇ ಲಾಭ ಅಂದುಕೊಂಡೆ.
ಯಾರಿಗೆ ಅಂತ ಕೇಳುವ ವಯಸ್ಸಲ್ಲ.

ಕೆಂಪು. ಏನು ಹೇಳಲಿ ಆ ಕೆಂಪು.
ಬಿಳಿ ನಾಯಿಮರಿ ಮೂರನೆಯ ದಿನಕ್ಕೆ ಕೆಂಪು,
ಇಗರ್ಜಿಯ ಮುಂದಿನ ಶಿಲುಬೆ ಕೆಂಪು, ತುಳಸಿ ಕೆಂಪು,
ದ್ಯಾಮವ್ವನ ಖಾನಾವಳಿಯಲ್ಲಿ ಕಡಕ್ ರೊಟ್ಟಿಯ ಅಂಚು ಕೆಂಪು.
ಕೂಸಿನ ಬಟ್ಟೆ ಹಿಂಡಿ, ಇಳಿಯುವ ನೀರು ನೋಡಿ
ನನ್ನವಳು ಮೊದಲ ವರ್ಷ ಹೆದರಿದಳು.
ಎರಡನೆಯ ವರ್ಷ ಬಿಳಿ ಕೊಳ್ಳುವುದು ಬಿಟ್ಟಳು.

ಆಮೇಲೆ ಚೀನಾದವರಿಗೆ ಹಸಿವಾಯಿತು.
ಕಸವೆಂದು ಗುಡ್ಡೆ ಹಾಕಿದ್ದನ್ನೂ ಬಾಚಿ ಕೊಂಡರು.
ಬ್ಯಾಂಕಿನವರು ಜೀಪಿನಲ್ಲಿ ಬಂದು ಸಾಲ ಹಂಚಿ ಹೋದರು.
ಕುಷ್ಟಾ ವೆಳಿಪ ಎರಡು ಟಿಪ್ಪರ್ ತಂದ,
ಒಂದಕ್ಕೆ ಮಗಳ ಹೆಸರು, ಇನ್ನೊಂದಕ್ಕೆ ಇನ್ನೂ ಹುಟ್ಟದ ಮಗನದು.
ಮಳೆಗಾಲದಲ್ಲಿ ಗುಡ್ಡ ಕೆಸರಾಗಿ ಅವನ ಗದ್ದೆಗಿಳಿಯಿತು.
"ಇರಲಿ ಬಿಡು, ಈಗ ಯಾರು ಉಳಬೇಕು" ಅಂದ.
ಜೆಟ್ಟಿಯ ತನಕ ಗಾಡಿಗಳ ಸಾಲು;
ಶಾಲೆಯ ಮಕ್ಕಳು ರಸ್ತೆ ದಾಟಲಾರದೆ
ನಿಂತಲ್ಲೇ ಮಗ್ಗಿ ಬಾಯಿಪಾಠ ಮಾಡಿದರು.

ಖಾಲಿ ತೂಕದಲ್ಲಿ ಡ್ರೈವರನೂ ಸೇರಿರುತ್ತಾನೆ.
ಹುಚ್ಚೀರಪ್ಪ ದೊಡ್ಡ ಆಳು, ಗಾಡಿ ಬಿಟ್ಟು ಇಳಿಯುತ್ತಿರಲಿಲ್ಲ,
ಕಿಟಕಿಯಿಂದ ಕೈಚಾಚಿ ಚೀಟಿ ಇಸಿದುಕೊಂಡು
ಅದೇ ಕೈಯಲ್ಲಿ ಎಲೆಯಡಿಕೆ ಕೊಡುತ್ತಿದ್ದ.
ಅವನ ಗಾಡಿ ಖಾಲಿ ಹತ್ತು ಟನ್ನು ನಾನೂರ ಎಂಬತ್ತು.
ಒಂದು ಮಂಗಳವಾರ ಬೇರೆಯವರ ಟೈರು ಬಿಚ್ಚಲು ಹೋಗಿ
ಜ್ಯಾಕು ಜಾರಿತು.
ಶುಕ್ರವಾರ ಅದೇ ಗಾಡಿ ಬಂತು,
ಒಳಗೆ ಕೊಪ್ಪಳದ ಒಣಕಲು ಹುಡುಗ.
ಖಾಲಿ, ಹತ್ತು ಟನ್ನು ನಾನೂರ ನಲವತ್ತು.
ಬರೆದೆ. ಸಹಿ ಹಾಕಿದೆ.
ಕಂಪನಿಯ ಪುಸ್ತಕದಲ್ಲಿ ಅವನ ಸಾವು
ಆ ನಲವತ್ತು ಕಿಲೋ. ಬೇರೆಲ್ಲೂ ಇಲ್ಲ.

ಗಣಪತಿಗೆ ಇನ್ನೊಂದು ವಾರ ಇರುವಾಗ ಕಾಗದ ಬಂತು, ನಿಲ್ಲಿಸಿ ಎಂದು.
ಮಳೆ ಮುಗಿದರೆ ಶುರು ಅಂದರು.
ಮಳೆ ಮುಗಿಯಿತು. ದಸರೆ ಮುಗಿಯಿತು. ನಾತಾಳದ ನಕ್ಷತ್ರ
ಇಗರ್ಜಿಯ ಬಾಗಿಲಲ್ಲಿ ಬಣ್ಣಗೆಡುವ ತನಕ ತೂಗಿತು.
ಕುಷ್ಟಾನ ಒಂದು ಟಿಪ್ಪರಿನಲ್ಲಿ ಕಪ್ಪೆ ಮರಿ ಮಾಡಿದವು,
ಇನ್ನೊಂದಕ್ಕೆ ಬಸಳೆ ಹಬ್ಬಿತು.
ದ್ಯಾಮವ್ವ ಹೆಂಚು ಹೊತ್ತು ಮಡಗಾಂವಿಗೆ ಹೋದಳು.
ಎರಡನೆಯ ಮಳೆಗೆ ಎಲೆಗಳೆಲ್ಲ ಹಸಿರಾಗಿ
ಊರಿನ ಗುರುತೇ ಸಿಗಲಿಲ್ಲ ನನಗೆ.
ಗಣಿಯ ಗುಂಡಿ ಈಗ ಕೆರೆ.
ಎಷ್ಟು ಆಳ ಅಂತ ಕೇಳುತ್ತಾರೆ; ಹೇಳಬಲ್ಲೆ,
ಟನ್ನಿನಲ್ಲಿ.

ಕಾಟಾದ ಮೇಲೆ ಮಕ್ಕಳು ಕುಣಿಯುತ್ತಿದ್ದವು.
ಇಪ್ಪತ್ತು ಕಿಲೋಗಿಂತ ಕಮ್ಮಿ ಅದಕ್ಕೆ ತಿಳಿಯದು.
ಮೆಕ್ಯಾನಿಕ್ ಸಾಲ್ವಾದೋರನ ಮೊಮ್ಮಗಳು ಒಬ್ಬಳೇ ಹತ್ತಿ
"ನಾನು ಎಷ್ಟು?" ಅಂದಳು.
ಸೊನ್ನೆ.
ಓಡಿ ಹೋಗಿ ಇನ್ನೂ ಮೂವರನ್ನು ಎಳೆತಂದಳು. ಅರವತ್ತು.
"ಅದರಲ್ಲಿ ನಂದೆಷ್ಟು?"

ಮೊನ್ನೆ ಬೆಳಗಾವಿಯ ಗುಜರಿ ಗೌಸುಸಾಬ ಬಂದು
ಸುತ್ತು ಹಾಕಿದ, ಒದ್ದು ನೋಡಿದ.
"ಎಷ್ಟು ಭಾರ ಬಂದೀತು ಇದು?"
ಕಾಟಾ ತೂಗುವ ಕಾಟಾ ಈ ಊರಲ್ಲಿಲ್ಲ.
ಇಪ್ಪತ್ತಾರು ವರ್ಷ ಬರೆಯದ ಪದ ಬರೆದುಕೊಟ್ಟೆ:
ಅಂದಾಜು. ಅಂದಾಜು ಹದಿನಾಲ್ಕು ಟನ್ನು.

ಗ್ಯಾಸು ಹಚ್ಚಿ ಕೊಯ್ದರು.
ಅಡಿಯ ಗುಂಡಿಯಲ್ಲಿ ಮೊಣಕಾಲುದ್ದ ಕೆಂಪು ಹಿಟ್ಟು,
ಒಂದು ಹವಾಯಿ ಚಪ್ಪಲಿ, ಯಾರದೋ ಸುಣ್ಣದ ಡಬ್ಬಿ.
ಹಮಾಲ ನಮ್ಮ ಕಡೆಯವನೇ.
ಮೊದಲ ತುಂಡು ಲಾರಿಗೆ ಎಸೆದು
ಲಾಭ, ಅಂದ,
ಎರಡು ಅನ್ನುವ ಮೊದಲು
ಬೀಡಿ ಹಚ್ಚಲು ನಿಂತ.